ತಾಲೀಮಿನ ನಲವತ್ತು ವರ್ಷ

ಪರೀಕ್ಷೆ ನಡೆಸುವುದು ವಿಶ್ವವಿದ್ಯಾಲಯದ ಕೆಲಸ, ಬರೆಯುವುದು ವಿದ್ಯಾರ್ಥಿಯ ಪಾಡು ಎಂದೇ ನಾವೆಲ್ಲ ತಿಳಿದಿದ್ದೇವೆ. ಬ್ರಿಟನ್ನಿನಲ್ಲಿ 1986ರಿಂದ ಈ ಮಾತು ಅರ್ಧ ಮಾತ್ರ ನಿಜ. ಅಲ್ಲಿ ಕೆಲವು ವರ್ಷಗಳಿಗೊಮ್ಮೆ ಇಡೀ ದೇಶದ ವಿಶ್ವವಿದ್ಯಾಲಯಗಳೇ ಪರೀಕ್ಷೆಗೆ ಕೂರುತ್ತವೆ. ತಮ್ಮ ಅಧ್ಯಾಪಕರು ಏನು ಸಂಶೋಧನೆ ಮಾಡಿದರು, ಅದರ ಗುಣಮಟ್ಟವೇನು ಎಂದು ಲೆಕ್ಕ ಒಪ್ಪಿಸುತ್ತವೆ. ವಿಷಯತಜ್ಞರ ಸಮಿತಿಗಳು ಓದಿ ಅಂಕ ಕೊಡುತ್ತವೆ. ಆ ಅಂಕದ ಆಧಾರದ ಮೇಲೆ ವರ್ಷಕ್ಕೆ ಸುಮಾರು 2 ಬಿಲಿಯನ್ ಪೌಂಡ್, ಅಂದರೆ ಇನ್ನೂರು ಕೋಟಿ ಪೌಂಡ್ ಸರಕಾರಿ ಹಣ ಹಂಚಿಕೆಯಾಗುತ್ತದೆ. ಮೊದಲು ಇದಕ್ಕೆ ಸಂಶೋಧನಾ ಮೌಲ್ಯಮಾಪನ ಎಂಬರ್ಥದ ಆರ್‌ಎಇ ಎಂಬ ಹೆಸರಿತ್ತು. 2014ರಿಂದ ಅದು ಆರ್‌ಇಎಫ್ ಆಯಿತು. ಅಲ್ಲಿಯವರ ಬಾಯಲ್ಲಿ 'ರೆಫ್'.

ಈ ಪರೀಕ್ಷೆಗಿಂತ ಅದಕ್ಕೆ ನಡೆದ ತಯಾರಿಯ ಚರಿತ್ರೆ ನಮಗೆ ಹೆಚ್ಚು ಪಾಠ ಹೇಳುತ್ತದೆ. ಪ್ರತಿ ಸಲವೂ ಒಂದು ನಿಯಮ ಬಂತು. ವಿಶ್ವವಿದ್ಯಾಲಯಗಳು ಅದಕ್ಕೆ ತಕ್ಕಂತೆ ತಮ್ಮನ್ನು ತಿದ್ದಿಕೊಂಡವು. ಆ ತಿದ್ದುವಿಕೆಯಿಂದ ಹುಟ್ಟಿದ ಕೇಡನ್ನು ನಿವಾರಿಸಲು ಮುಂದಿನ ಸಲ ಹೊಸ ನಿಯಮ ಬಂತು. ಹೀಗೆ ನಲವತ್ತು ವರ್ಷ. ಈ ನಡುವೆ ಎಷ್ಟೋ ಅಧ್ಯಾಪಕರ ಬದುಕು, ಕೆಲವು ವಿಭಾಗಗಳ ಆಯುಷ್ಯ ತೀರ್ಮಾನವಾಗಿಹೋಯಿತು.

ಬ್ರಿಟನ್ನಿನ ವಿಶ್ವವಿದ್ಯಾಲಯ ಅನುದಾನ ಸಮಿತಿ ಹುಟ್ಟಿದ್ದು 1919ರಲ್ಲಿ, ಮೊದಲ ಮಹಾಯುದ್ಧ ಮುಗಿದ ಮರುವರ್ಷ. ಸರಕಾರ ಹಣ ಕೊಡಬೇಕು, ಆದರೆ ಮಂತ್ರಿಗಳು ನೇರವಾಗಿ ಕೈಹಾಕಬಾರದು. ನಡುವೆ ವಿದ್ವಾಂಸರ ಒಂದು ಸಮಿತಿ ಇರಬೇಕು ಎಂಬುದು ಅದರ ಹಿಂದಿನ ವಿಚಾರ. ಐದು ವರ್ಷಕ್ಕೊಮ್ಮೆ ಇಡಿಗಂಟಾಗಿ ಅನುದಾನ ಸಿಗುತ್ತಿತ್ತು. ಯಾವ ವಿಭಾಗಕ್ಕೆ ಎಷ್ಟು, ಸಂಶೋಧನೆಗೆಷ್ಟು, ಬೋಧನೆಗೆಷ್ಟು ಎಂಬುದು ವಿಶ್ವವಿದ್ಯಾಲಯದ ವಿವೇಚನೆಗೆ ಬಿಟ್ಟದ್ದು. ನಮ್ಮ ಯುಜಿಸಿ ಈ ಮಾದರಿಯದೇ ಕುಡಿ. 1945ರಲ್ಲಿ ಅಲಿಗಢ, ಬನಾರಸ್ ಮತ್ತು ದೆಹಲಿ ಎಂಬ ಮೂರು ವಿಶ್ವವಿದ್ಯಾಲಯಗಳ ಉಸ್ತುವಾರಿಗೆಂದು ಇಲ್ಲಿ ಅಂಥ ಸಮಿತಿ ರಚನೆಯಾಯಿತು. ಸ್ವಾತಂತ್ರ್ಯಾನಂತರ 1953ರ ಡಿಸೆಂಬರಿನಲ್ಲಿ ಶಿಕ್ಷಣ ಸಚಿವ ಮೌಲಾನಾ ಅಬುಲ್ ಕಲಾಂ ಆಝಾದ್ ಅವರು ಆಯೋಗವನ್ನು ಉದ್ಘಾಟಿಸಿದರು. 1956ರಲ್ಲಿ ಅದಕ್ಕೆ ಶಾಸನದ ಬಲ ಬಂತು. ಆದ್ದರಿಂದ ಬ್ರಿಟನ್ನಿನ ಈ ಕಥೆ ನಮಗೆ ತೀರಾ ಹೊರಗಿನವರ ಕಥೆಯಲ್ಲ.

ಆ ನಂಬಿಕೆಯ ವ್ಯವಸ್ಥೆ ಬಿರುಕು ಬಿಟ್ಟದ್ದು 1970ರ ದಶಕದ ಬೆಲೆಯೇರಿಕೆಯಲ್ಲಿ. ಐದು ವರ್ಷಕ್ಕೆಂದು ಇವತ್ತು ಲೆಕ್ಕ ಹಾಕಿದ ಹಣ ಎರಡನೆಯ ವರ್ಷಕ್ಕೇ ಸಾಲದಾಯಿತು. ಬಳಿಕ ಮಾರ್ಗರೆಟ್ ಥ್ಯಾಚರ್ ಸರಕಾರ ಬಂತು. 1981ರ ಜುಲೈಯಲ್ಲಿ ವಿಶ್ವವಿದ್ಯಾಲಯಗಳಿಗೆ ಅನುದಾನ ಕಡಿತದ ಪತ್ರಗಳು ಹೋದವು. ಕಡಿತ ಎಲ್ಲರಿಗೂ ಸಮನಾಗಿರಲಿಲ್ಲ. ಕೆಲವರದು ಅಲ್ಪಸ್ವಲ್ಪ ಕಡಿಮೆಯಾದರೆ ಸಾಲ್‌ಫರ್ಡ್ ವಿಶ್ವವಿದ್ಯಾಲಯ ತನ್ನ ಅನುದಾನದ ಶೇ. 44ರಷ್ಟನ್ನು ಕಳೆದುಕೊಂಡಿತು. ಯಾಕೆ ನಮಗೇ ಇಷ್ಟು, ಅವರಿಗೆ ಯಾಕೆ ಅಷ್ಟು ಎಂದು ಕೇಳಿದವರಿಗೆ ತೃಪ್ತಿಕರ ಉತ್ತರ ಸಿಗಲಿಲ್ಲ. ಹಣ ಕಡಿಮೆಯಿದ್ದಾಗ ಹಂಚುವವನಿಗೆ ಒಂದು ಅಳತೆಗೋಲು ಬೇಕಾಗುತ್ತದೆ. ಕೈತುಂಬ ಇದ್ದಾಗ ಯಾರೂ ಗೋಲು ಹುಡುಕುವುದಿಲ್ಲ. ಈ ಪರೀಕ್ಷೆ ಹುಟ್ಟಿದ್ದು ಜ್ಞಾನದ ಹಂಬಲದಿಂದಲ್ಲ, ಬೊಕ್ಕಸದ ಕೊರತೆಯಿಂದ. ಇದನ್ನು ಮರೆತರೆ ಮುಂದಿನದು ಅರ್ಥವಾಗುವುದಿಲ್ಲ.

ಗೋಲು ಹಿಡಿದು ಬಂದವರು ಸರ್ ಪೀಟರ್ ಸ್ವಿನ್ನರ್ಟನ್-ಡಯರ್. ಕೇಂಬ್ರಿಜ್‌ನ ದೊಡ್ಡ ಗಣಿತಜ್ಞ. ಬ್ರಯನ್ ಬರ್ಚ್ ಜತೆಗೆ ಅವರು ಮುಂದಿಟ್ಟ ಊಹೆ ಇಂದಿಗೂ ಗಣಿತದ ಬಗೆಹರಿಯದ ಸಮಸ್ಯೆಗಳಲ್ಲೊಂದು. ಬಿಡಿಸಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನವಿದೆ. 1983ರಲ್ಲಿ ಅನುದಾನ ಸಮಿತಿಯ ಅಧ್ಯಕ್ಷರಾದ ಅವರು, ಒಳ್ಳೆಯ ಸಂಶೋಧನೆ ನಡೆಯುವ ಕಡೆಗೆ ಹಣ ಹೆಚ್ಚು ಹೋಗಲಿ ಎಂಬ ಸರಳ ಉದ್ದೇಶದಿಂದ 1986ರಲ್ಲಿ ಮೊದಲ ಮೌಲ್ಯಮಾಪನ ನಡೆಸಿದರು. ಇಂದು ನೋಡಿದರೆ ಅದು ಬಲು ಚಿಕ್ಕ ಕೆಲಸ. ನಾಲ್ಕು ಭಾಗಗಳ ಒಂದು ಪ್ರಶ್ನಾವಳಿ. 37 ವಿಷಯ ಗುಂಪುಗಳು. ಪ್ರತಿ ವಿಭಾಗ ತನ್ನ ಅತ್ಯುತ್ತಮ ಎನಿಸಿದ ಐದು ಪ್ರಕಟಣೆಗಳನ್ನು ಮುಂದಿಡಬೇಕು, ಅಷ್ಟೆ. ತೀರ್ಪುಗಾರರ ಹೆಸರು ಮಾತ್ರ ಗುಟ್ಟು. ಯಾರು ಅಳೆದರು, ಯಾವುದರಿಂದ ಅಳೆದರು ಎಂಬುದು ತಿಳಿಯಲಿಲ್ಲ ಎಂದು ಗದ್ದಲವಾಯಿತು.

ಗದ್ದಲದ ಫಲವಾಗಿ 1989ರಲ್ಲಿ ವಿಷಯ ಗುಂಪುಗಳು 152ಕ್ಕೆ ಏರಿದವು. ವಿಭಾಗದ ಐದು ಪ್ರಕಟಣೆಯ ಬದಲು ಪ್ರತಿಯೊಬ್ಬ ಅಧ್ಯಾಪಕನಿಂದ ಎರಡೆರಡು ಕೇಳಲಾಯಿತು. ನೋಡಲು ಇದು ಸಣ್ಣ ಬದಲಾವಣೆ. ಆದರೆ ಪರಿಣಾಮ ದೊಡ್ಡದು. ಅಲ್ಲಿಯವರೆಗೆ ಅಳತೆಗೆ ನಿಂತದ್ದು ವಿಭಾಗ. ಈಗ ಮನುಷ್ಯ ನಿಂತ. ಒಂದು ವಿಭಾಗದಲ್ಲಿ ಒಬ್ಬರು ಚೆನ್ನಾಗಿ ಪಾಠ ಹೇಳಿ, ಇನ್ನೊಬ್ಬರು ಗ್ರಂಥ ಬರೆದು, ಮತ್ತೊಬ್ಬರು ಎಳೆಯ ಸಂಶೋಧಕರಿಗೆ ದಾರಿ ತೋರಿಸಿ ಒಟ್ಟು ಸಂಸಾರ ನಡೆಯುತ್ತಿತ್ತು. ಇನ್ನು ಮೇಲೆ ಪ್ರತಿಯೊಬ್ಬನ ಹೆಸರಿನ ಮುಂದೆ ಅವನವನ ಗಳಿಕೆ ಬರೆಯಬೇಕಾಯಿತು.

1992ರಲ್ಲಿ ಕಾಯಿದೆಯೊಂದರ ಮೂಲಕ ಪಾಲಿಟೆಕ್ನಿಕ್‌ಗಳೂ ವಿಶ್ವವಿದ್ಯಾಲಯಗಳಾದವು. ಅವೂ ಪರೀಕ್ಷೆಗೆ ಬಂದವು. ಆಗ ಜಾರಿಗೆ ಬಂದದ್ದು 'ಸಂಶೋಧನಾ ಸಕ್ರಿಯ' ಎಂಬ ಪದ. ಯಾರು ಸಕ್ರಿಯರೋ ಅವರ ಹೆಸರು ಮಾತ್ರ ಕಳುಹಿಸಿದರೆ ಸಾಕು. ಯಾರೆಂಬುದನ್ನು ವಿಶ್ವವಿದ್ಯಾಲಯವೇ ಆರಿಸಬಹುದು. ಹೆಚ್ಚು ಜನರನ್ನು ಕಳುಹಿಸಿದರೆ ತಲೆಲೆಕ್ಕದಲ್ಲಿ ಹಣ ಹೆಚ್ಚು, ಆದರೆ ಸರಾಸರಿ ದರ್ಜೆ ಇಳಿಯುವ ಭಯ. ಕಡಿಮೆ ಕಳುಹಿಸಿದರೆ ದರ್ಜೆ ಏರುತ್ತದೆ, ಹಣ ಇಳಿಯುತ್ತದೆ. ಈ ಎರಡರ ನಡುವೆ ಲಾಭದ ಬಿಂದು ಎಲ್ಲಿದೆ ಎಂದು ಹುಡುಕುವುದೇ ಕುಲಪತಿಗಳ ಕಚೇರಿಯ ಹೊಸ ವಿದ್ಯೆಯಾಯಿತು.

1996ರಲ್ಲಿ ತಲೆಗೆ ನಾಲ್ಕು ಪ್ರಕಟಣೆ ಎಂದಾಯಿತು. ದರ್ಜೆಗಳು 1ರಿಂದ 5, ಅದರ ಮೇಲೊಂದು ನಕ್ಷತ್ರದ 5. ನಡುವಿನ 3ನ್ನು ಮತ್ತೆ ಎರಡಾಗಿ ಸೀಳಿದರು. ಗಡುವಿನ ದಿನ ಅಧ್ಯಾಪಕ ಯಾವ ವಿಶ್ವವಿದ್ಯಾಲಯದ ಸಂಬಳದ ಪಟ್ಟಿಯಲ್ಲಿರುತ್ತಾನೋ ಅವನ ಹಳೆಯ ಪ್ರಕಟಣೆಗಳೂ ಅದರದೇ ಲೆಕ್ಕಕ್ಕೆ. ಹಾಗಾಗಿ ಗಡುವು ಹತ್ತಿರವಾದಂತೆ ಹೆಸರುವಾಸಿ ಪ್ರೊಫೆಸರರಿಗೆ ಬೇಡಿಕೆ ಏರತೊಡಗಿತು. ಫುಟ್‌ಬಾಲ್ ಆಟಗಾರರನ್ನು ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ಕೊಂಡುಕೊಳ್ಳುವ ಮಾರುಕಟ್ಟೆಗೆ ಅಲ್ಲಿಯ ಪತ್ರಿಕೆಗಳು ಇದನ್ನು ಹೋಲಿಸಿದವು.

ತಯಾರಿ ಫಲ ಕೊಟ್ಟಿತು. 1996ರಲ್ಲಿ ಮೇಲಿನ ಎರಡು ದರ್ಜೆ ಪಡೆದ ವಿಭಾಗಗಳಲ್ಲಿದ್ದವರು ಒಟ್ಟು ಸಂಶೋಧಕರಲ್ಲಿ ಶೇ. 31, 2001ರಲ್ಲಿ ಶೇ. 55. ಐದೇ ವರ್ಷದಲ್ಲಿ ಇಷ್ಟು ಏರಿಕೆ. ಸಂಶೋಧನೆ ಸುಧಾರಿಸಿದ್ದೂ ಇರಬಹುದು, ಪರೀಕ್ಷೆ ಬರೆಯುವ ಕಲೆ ಕೈಗೂಡಿದ್ದೂ ಇರಬಹುದು. ತೊಂದರೆಯೆಂದರೆ, ಅಂಕ ಏರಿದಷ್ಟು ಹಣ ಏರಲಿಲ್ಲ. ಇದ್ದ ಹಣವನ್ನು ಮೇಲ್ದರ್ಜೆಯವರಿಗೆ ಉಳಿಸಲು ಕೆಳಗಿನ ದರ್ಜೆಗಳ ಪಾಲನ್ನು ಕತ್ತರಿಸಿದರು. ನಿನ್ನೆಯವರೆಗೆ ಗೌರವದ ಅಂಕವಾಗಿದ್ದದ್ದು ಇವತ್ತು ನಪಾಸಿಗೆ ಸಮವಾಯಿತು.

ಇದರ ಬಿಸಿ ತಟ್ಟಿದವರಲ್ಲಿ ಒಂದು ಹೆಸರನ್ನು ನಾವು ವಿಶೇಷವಾಗಿ ನೆನೆಯಬೇಕು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ 1964ರಲ್ಲಿ ರಿಚರ್ಡ್ ಹೊಗಾರ್ಟ್ ಸಮಕಾಲೀನ ಸಂಸ್ಕೃತಿ ಅಧ್ಯಯನ ಕೇಂದ್ರವನ್ನು ಕಟ್ಟಿದರು. ಅವರ ನಂತರ ಅದನ್ನು ನಡೆಸಿದವರು ಜಮೈಕಾದಿಂದ ಓದಲು ಬಂದು ಅಲ್ಲೇ ನಿಂತ ಸ್ಟುವರ್ಟ್ ಹಾಲ್. ಕೂಲಿಕಾರರ ಓದು, ಬೀದಿಯ ಹುಡುಗರ ಉಡುಪು, ಟಿವಿ, ವಲಸಿಗರ ಬಗ್ಗೆ ಪತ್ರಿಕೆಗಳು ಹುಟ್ಟಿಸುವ ಭಯ, ಇವೆಲ್ಲ ವಿದ್ವತ್ತಿನ ವಿಷಯವಾಗಬಲ್ಲವು ಎಂದು ಜಗತ್ತಿಗೆ ತೋರಿಸಿದ ಕೇಂದ್ರ ಅದು. ನಮ್ಮ ಕನ್ನಡ ವಿಭಾಗಗಳಲ್ಲಿ ಇಂದು ಸಂಸ್ಕೃತಿ ಅಧ್ಯಯನ ಎನ್ನುವವರೆಲ್ಲ ದೂರದಿಂದಾದರೂ ಅದರ ಋಣದಲ್ಲಿದ್ದಾರೆ. ಈ ಕೇಂದ್ರದ ವಾರಸುದಾರನಾಗಿದ್ದ ಸಂಸ್ಕೃತಿ ಅಧ್ಯಯನ ಮತ್ತು ಸಮಾಜಶಾಸ್ತ್ರ ವಿಭಾಗಕ್ಕೆ 2001ರ ಪರೀಕ್ಷೆಯಲ್ಲಿ ಸಿಕ್ಕಿದ್ದು ಮೂರರ ಮೇಲಿನ ಅರ್ಧ. 2002ರಲ್ಲಿ ವಿಶ್ವವಿದ್ಯಾಲಯ ವಿಭಾಗವನ್ನೇ ಮುಚ್ಚಿತು. ಹಾಲ್ ಸೇರಿದಂತೆ ಹಲವು ದೇಶಗಳ ವಿದ್ವಾಂಸರು ಪ್ರತಿಭಟಿಸಿದರೂ ನಿರ್ಧಾರ ಬದಲಾಗಲಿಲ್ಲ. ಒಂದು ಜ್ಞಾನಶಾಖೆ ಹುಟ್ಟಿದ ಮನೆಗೆ ಒಂದು ದರ್ಜೆಯ ಕಾಗದ ಬೀಗ ಹಾಕಿಸಿತು.

ಮಾನವಿಕಗಳಿಗಷ್ಟೇ ಹೀಗಾಯಿತು ಎನ್ನುವಂತಿಲ್ಲ. ಎಕ್ಸೆಟರ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಕ್ಕೆ ಅದೇ ಪರೀಕ್ಷೆಯಲ್ಲಿ 4 ಬಂದಿತ್ತು. 2004ರಲ್ಲಿ ಅದನ್ನೂ ಮುಚ್ಚುವ ಘೋಷಣೆಯಾಯಿತು. ನೊಬೆಲ್ ಪಡೆದ ರಸಾಯನವಿಜ್ಞಾನಿ ಹ್ಯಾರಿ ಕ್ರೋಟೋ ಆ ವಿಶ್ವವಿದ್ಯಾಲಯ ತಮಗೆ ಕೊಟ್ಟ ಗೌರವ ಪದವಿಯನ್ನು ಹಿಂದಿರುಗಿಸುವುದಾಗಿ ಹೇಳಿದರು.

ವಿಭಾಗಕ್ಕೆಲ್ಲ ಒಂದೇ ದರ್ಜೆ ಅಂಟಿಸಿದರೆ ಇಂಥ ಅನಾಹುತ ಆಗುತ್ತದೆಂದು 2008ರಲ್ಲಿ ಪದ್ಧತಿ ಬದಲಾಯಿತು. ಪ್ರತಿ ವಿಭಾಗದ ಕೆಲಸದಲ್ಲಿ ಶೇಕಡಾ ಎಷ್ಟು ನಾಲ್ಕು ನಕ್ಷತ್ರದ್ದು, ಎಷ್ಟು ಮೂರರದ್ದು ಎಂದು ಬಿಡಿಸಿ ಹೇಳಲಾಯಿತು. ನಾಲ್ಕು ಎಂದರೆ ಜಗತ್ತಿಗೇ ಮುಂದಾಳು. ಮೂರು ಎಂದರೆ ಅಂತಾರಾಷ್ಟ್ರೀಯವಾಗಿ ಉತ್ಕೃಷ್ಟ. ಎರಡು ಎಂದರೆ ಅಂತಾರಾಷ್ಟ್ರೀಯ ಮನ್ನಣೆ ಉಳ್ಳದ್ದು. ಒಂದು ಎಂದರೆ ರಾಷ್ಟ್ರೀಯ ಮನ್ನಣೆ. ಇದು ಊರು-ದೇಶದ ಮಾತಲ್ಲ, ಗುಣಮಟ್ಟದ ಮಾತು ಎಂದು ನಿಯಮಪುಸ್ತಕ ಹೇಳುತ್ತದೆ. ಆದರೂ 'ರಾಷ್ಟ್ರೀಯ' ಎಂಬುದು ಕೊನೆಯ ಮೆಟ್ಟಿಲಾಗಿರುವ ಏಣಿಯಲ್ಲಿ ತನ್ನ ಊರಿನ, ತನ್ನ ನುಡಿಯ ಬಗ್ಗೆ ಬರೆಯುವವನ ಮನಸ್ಸು ಹೇಗಿದ್ದೀತು? ಇಂಗ್ಲೆಂಡಿನಲ್ಲಿ 2012ರಿಂದ ಎರಡು ನಕ್ಷತ್ರದ ಕೆಲಸಕ್ಕೂ ಹಣ ನಿಂತಿತು. ಅಂತಾರಾಷ್ಟ್ರೀಯ ಮನ್ನಣೆ ಗಳಿಸಿದ್ದಕ್ಕೆ ಸೊನ್ನೆ ಪೌಂಡ್!

2014ರಲ್ಲಿ ಇನ್ನೊಂದು ಹೊಸ ಬಾಬತ್ತು ಸೇರಿತು. ಸಂಶೋಧನೆಯಿಂದ ವಿಶ್ವವಿದ್ಯಾಲಯದ ಹೊರಗಿನ ಸಮಾಜಕ್ಕೆ ಏನು ಪ್ರಯೋಜನವಾಯಿತೆಂದು ತೋರಿಸಬೇಕು. ಇದಕ್ಕೆ ಶೇ. 20 ಅಂಕ. ನಾಲ್ಕು ಪುಟ ಮೀರದಂತೆ ಒಂದೊಂದು ಪ್ರಭಾವದ ಕಥನ ಬರೆಯಬೇಕು. ಆ ವರ್ಷ ಅಂಥ 6,975 ಕಥನಗಳು ಸಲ್ಲಿಕೆಯಾದವು. ಕಥೆ ಬರೆಯುವ ನಮ್ಮಂಥವರಿಗೆ ಇದರಲ್ಲಿ ಕುತೂಹಲವಿದೆ. ಸಮಸ್ಯೆ, ಪ್ರಯತ್ನ, ಸುಖಾಂತ್ಯ. ಪ್ರತಿ ವಾಕ್ಯಕ್ಕೂ ಸಾಕ್ಷಿಪತ್ರ. ಸೋತ ಸಂಶೋಧನೆಗೆ, ಇನ್ನೂ ಫಲ ಬಿಡದ ಮರಕ್ಕೆ ಈ ಕಥನದಲ್ಲಿ ಜಾಗವಿಲ್ಲ. ಕಥನ ತಿದ್ದಿ ಚೆಂದಗೊಳಿಸಲು ವಿಶ್ವವಿದ್ಯಾಲಯಗಳು ಸಂಬಳ ಕೊಟ್ಟು ಬರಹಗಾರರನ್ನೂ ಇಟ್ಟುಕೊಂಡವು.

ಈಗ ತಯಾರಿ ಹೇಗೆ ನಡೆಯುತ್ತದೆಂದು ನೋಡೋಣ. ಒಂದು ಪರೀಕ್ಷೆಯ ಫಲಿತಾಂಶ ಬಂದ ಕೂಡಲೇ ಮುಂದಿನದಕ್ಕೆ ಅಣಿ ಶುರು. ಇದಕ್ಕೆಂದೇ ಒಬ್ಬ ವ್ಯವಸ್ಥಾಪಕ, ಅವನ ಕೈಕೆಳಗೆ ಸಿಬ್ಬಂದಿ, ಮೇಲೊಬ್ಬ ಉಪಕುಲಪತಿ, ಪ್ರತಿ ವಿಭಾಗದಲ್ಲೊಬ್ಬ ಸಂಯೋಜಕ. ಅಧ್ಯಾಪಕರು ತಮ್ಮ ಪ್ರಕಟಣೆಗಳನ್ನು ಸಂಸ್ಥೆಯ ಕಂಪ್ಯೂಟರ್ ಭಂಡಾರಕ್ಕೆ ಸೇರಿಸುತ್ತಿರಬೇಕು. 2016ರ ಏಪ್ರಿಲ್‌ನಿಂದ ಲೇಖನಗಳನ್ನು ಎಲ್ಲರೂ ಓದುವಂತೆ ಗಡುವಿನೊಳಗೆ ಇಡದಿದ್ದರೆ ಅವು ಲೆಕ್ಕಕ್ಕಿಲ್ಲ ಎಂಬ ನಿಯಮ ಬಂತು. ಆಮೇಲೆ ಅಣಕು ಪರೀಕ್ಷೆ. ಸಹೋದ್ಯೋಗಿಗಳೇ ಸಹೋದ್ಯೋಗಿಗಳ ಬರಹ ಓದಿ ನಕ್ಷತ್ರ ಹಾಕುತ್ತಾರೆ. ಹೊರಗಿನ ತಜ್ಞರಿಗೂ ಕಳುಹಿಸುತ್ತಾರೆ. ಎರಡು-ಮೂರು ಸುತ್ತು ಹೀಗೆ ನಡೆಯುತ್ತದೆ. 'ತಾಲೀಮು' ಎಂಬ ಪದ ಇಲ್ಲಿ ನಮ್ಮ ನೆನಪಿಗೆ ಬರುತ್ತದೆ. ಉರ್ದುವಿನಲ್ಲಿ 'ತಾಲೀಮ್' ಎಂದರೆ ವಿದ್ಯೆ, ಕಲಿಸುವುದು. ಅದೇ ಪದ ಕನ್ನಡದ ಗರಡಿಮನೆ, ನಾಟಕದ ಕಂಪೆನಿಗಳಿಗೆ ಬಂದು ಪ್ರದರ್ಶನಕ್ಕೆ ಮುಂಚಿನ ಅಭ್ಯಾಸ ಎಂಬ ಅರ್ಥ ಪಡೆಯಿತು. ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಮೊದಲ ಅರ್ಥದಿಂದ ಎರಡನೆಯ ಅರ್ಥಕ್ಕೆ ಸರಿದಂತೆ ಕಾಣುತ್ತದೆ.

ಲೆಕ್ಕದ ಕೈಚಳಕವನ್ನೂ ನೋಡಬೇಕು. 2014ರಲ್ಲಿ ಹದಿನೈದಕ್ಕಿಂತ ಕಡಿಮೆ ಜನರನ್ನು ಕಳುಹಿಸುವ ವಿಭಾಗಕ್ಕೆ ಎರಡು ಕಥನ ಸಾಕು. ಹದಿನೈದು ಮುಟ್ಟಿದರೆ ಮೂರು ಬೇಕು. ಗಟ್ಟಿ ಕಥನ ಎರಡೇ ಇದ್ದು ಅಧ್ಯಾಪಕರು ಹದಿನಾರು ಜನ ಇದ್ದರೆ? ಇಬ್ಬರನ್ನು ಬಿಟ್ಟುಬಿಡುವುದು ಲಾಭ. ಅವರ ಸಂಶೋಧನೆ ಎಷ್ಟೇ ಚೆನ್ನಾಗಿದ್ದರೂ ಸರಿ. ಇನ್ನೊಂದು ಉಪಾಯ, ಐದನೆಯ ಒಂದು ಭಾಗದ ನೌಕರಿ. ಪೂರ್ಣಾವಧಿಯ 0.2 ಭಾಗ ಕೆಲಸವಿದ್ದರೆ ಹೆಸರು ಸೇರಿಸಬಹುದಿತ್ತು. ಗಡುವಿಗೆ ಮುಂಚೆ ಹೊರದೇಶದ ಖ್ಯಾತನಾಮರಿಗೆ ಅಂಥ ನೌಕರಿ ಕೊಡುವುದು ಕೆಲವು ಕಡೆ ನಡೆಯಿತು.

ಹಾಗಾದರೆ ಹೊರಗುಳಿದವರು ಯಾರು? 2014ರಲ್ಲಿ ಅರ್ಹರಿದ್ದ ಗಂಡಸರಲ್ಲಿ ಶೇ. 67 ಮಂದಿ ಆಯ್ಕೆಯಾದರೆ ಹೆಂಗಸರಲ್ಲಿ ಶೇ. 51 ಮಾತ್ರ. ಕಪ್ಪು ಜನಾಂಗದ ಮತ್ತು ಏಶ್ಯ ಮೂಲದ ಬ್ರಿಟಿಷ್ ಅಧ್ಯಾಪಕರ ಆಯ್ಕೆಯ ಪ್ರಮಾಣವೂ ಕಡಿಮೆಯಿತ್ತು. ಹೆರಿಗೆ ರಜೆ ಪಡೆದವರಿಗೆ ಪ್ರಕಟಣೆಯ ಸಂಖ್ಯೆಯಲ್ಲಿ ರಿಯಾಯಿತಿ ಇತ್ತು, ತಾರತಮ್ಯ ಮಾಡಬಾರದೆಂದು ಪ್ರತಿ ವಿಶ್ವವಿದ್ಯಾಲಯವೂ ಬರೆದುಕೊಟ್ಟ ನೀತಿಸಂಹಿತೆಯೂ ಇತ್ತು. ಆದರೂ ಅಂತರ ಉಳಿಯಿತು. ಹೊರಗುಳಿದವರಿಗೆ ಅದು ಬರೀ ಒಂದು ಪಟ್ಟಿಯಲ್ಲಿ ಹೆಸರಿಲ್ಲದ ಸಂಗತಿಯಲ್ಲ. ಬಡ್ತಿ, ಪಾಠದ ಹೊರೆ, ಸಹೋದ್ಯೋಗಿಗಳ ನಡುವಿನ ಮರ್ಯಾದೆ ಎಲ್ಲವೂ ಅದಕ್ಕೆ ಅಂಟಿಕೊಂಡಿದ್ದವು. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಡೆರೆಕ್ ಸೇಯರ್ ಎಂಬ ಪ್ರಾಧ್ಯಾಪಕರು ವಿಚಿತ್ರವಾದ ಒಂದು ಮೇಲ್ಮನವಿ ಹಾಕಿದರು. ತಮ್ಮನ್ನು ಪಟ್ಟಿಗೆ ಸೇರಿಸಿದ್ದಕ್ಕೇ ಅವರ ಆಕ್ಷೇಪ! ಸಹೋದ್ಯೋಗಿಗಳನ್ನು ಹೊರಗಿಟ್ಟ ಪದ್ಧತಿ ಅನ್ಯಾಯದ್ದಾದರೆ ತಾನು ಒಳಗಿರುವುದೂ ಅನ್ಯಾಯವೇ ಎಂಬ ನಿಲುವು. 2015ರಲ್ಲಿ ಅವರು ಈ ವ್ಯವಸ್ಥೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು.

ಇನ್ನೊಂದು ಹೆಸರು ಎಲ್ಲರಿಗೂ ಗೊತ್ತಿರುವಂಥದ್ದು. 1964ರಲ್ಲಿ ಬರೆದ ಪುಟ್ಟ ಲೇಖನಗಳಿಗಾಗಿ 2013ರಲ್ಲಿ ನೊಬೆಲ್ ಪಡೆದ ಎಡಿನ್‌ಬರೋದ ಪೀಟರ್ ಹಿಗ್ಸ್. ಆ ವರ್ಷ ಪತ್ರಿಕಾ ಸಂದರ್ಶನವೊಂದರಲ್ಲಿ ಅವರು ಹೇಳಿದ್ದು ಇಷ್ಟು: ಮೌಲ್ಯಮಾಪನ ಬಂದಾಗಲೆಲ್ಲ ವಿಭಾಗಕ್ಕೆ ತಾನೊಂದು ಮುಜುಗರವಾಗಿದ್ದೆ, ಇತ್ತೀಚಿನ ಪ್ರಕಟಣೆಗಳ ಪಟ್ಟಿ ಕೇಳಿದರೆ ಏನೂ ಇಲ್ಲ ಎಂದು ಬರೆದುಕೊಡುತ್ತಿದ್ದೆ, ಇಂದಿನ ದಿನಗಳಲ್ಲಾದರೆ ತನಗೆ ಯಾವ ವಿಶ್ವವಿದ್ಯಾಲಯವೂ ಕೆಲಸ ಕೊಡುತ್ತಿರಲಿಲ್ಲ. 1964ರ ನಂತರ ಅವರು ಪ್ರಕಟಿಸಿದ ಪ್ರಬಂಧಗಳು ಹತ್ತನ್ನೂ ಮುಟ್ಟಲಿಲ್ಲ. ಆದರೆ ಅವರು ಹೇಳಿದ ಕಣವನ್ನು ಹುಡುಕಲು ಜಗತ್ತಿಗೆ 48 ವರ್ಷ ಬೇಕಾಯಿತು.

ದೂರುಗಳು ಹೆಚ್ಚಿದಾಗ ಅರ್ಥಶಾಸ್ತ್ರಜ್ಞ ನಿಕೊಲಸ್ ಸ್ಟರ್ನ್ 2016ರಲ್ಲಿ ವರದಿ ಕೊಟ್ಟರು. ಸಂಶೋಧನೆಯ ಹೊಣೆಯುಳ್ಳ ಎಲ್ಲರನ್ನೂ ಕಳುಹಿಸಿ, ಆರಿಸಬೇಡಿ ಎಂದರು. ಅದರಂತೆ 2021ರ ರೆಫ್‌ಗೆ ಹೋದವರ ಸಂಖ್ಯೆ ಸುಮಾರು 52 ಸಾವಿರದಿಂದ 76 ಸಾವಿರಕ್ಕೆ ಏರಿತು. ತಲೆಗೆ ನಾಲ್ಕರ ಬದಲು ಕನಿಷ್ಠ ಒಂದು, ಗರಿಷ್ಠ ಐದು, ಸರಾಸರಿ ಎರಡೂವರೆ ಪ್ರಕಟಣೆ ಸಾಕೆಂದಾಯಿತು. ಒಳ್ಳೆಯ ಸುಧಾರಣೆ. ಆದರೆ ಹೊಣೆಯೇ ಇಲ್ಲದಂತೆ ಮಾಡಿಬಿಟ್ಟರೆ? ಪರೀಕ್ಷೆ ಹತ್ತಿರವಾದಂತೆ ಕೆಲವು ವಿಶ್ವವಿದ್ಯಾಲಯಗಳು ಒಂದಿಷ್ಟು ಅಧ್ಯಾಪಕರನ್ನು 'ಬೋಧನೆಗೆ ಮಾತ್ರ' ಎಂಬ ಒಪ್ಪಂದಕ್ಕೆ ವರ್ಗಾಯಿಸಿದವು. ಪಟ್ಟಿಯಿಂದ ಬಿಡುವ ಬದಲು ಪದನಾಮದಿಂದಲೇ ಬಿಟ್ಟಂತಾಯಿತು. ಖರ್ಚೂ ಬೆಳೆಯಿತು. 2014ರ ಪರೀಕ್ಷೆಗೆ ಅಂದಾಜು 24.6 ಕೋಟಿ ಪೌಂಡ್ ತಗಲಿದ್ದರೆ 2021ರದಕ್ಕೆ 47.1 ಕೋಟಿ. ಅದರಲ್ಲಿ ಬಹುಪಾಲು ವಿಶ್ವವಿದ್ಯಾಲಯಗಳು ತಮ್ಮ ತಯಾರಿಗೆ ಮಾಡಿದ ವೆಚ್ಚ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳದಿದ್ದರೆ ನ್ಯಾಯವಾಗದು. ಜನರ ತೆರಿಗೆ ಹಣ ಪಡೆದವರು ಲೆಕ್ಕ ಕೊಡಬೇಕಾದದ್ದೇ. ಪರೀಕ್ಷೆ ಇಲ್ಲದಿದ್ದ ಕಾಲದಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಹೆಸರೇ ಪ್ರಮಾಣಪತ್ರವಾಗಿತ್ತು. ಹಿಂದೆ ಪಾಲಿಟೆಕ್ನಿಕ್ ಆಗಿದ್ದ ಕಡೆಯೂ ಉತ್ತಮ ಕೆಲಸ ನಡೆಯುತ್ತದೆಂದು ತೋರಿಸಿದ್ದು ಇದೇ ಪರೀಕ್ಷೆ. ಅದರಲ್ಲಿ ಎಲ್ಲಕ್ಕಿಂತ ಉಳಿಸಿಕೊಳ್ಳಬೇಕಾದ ಅಂಶವೆಂದರೆ, ಅಲ್ಲಿ ಸಮಿತಿಯವರು ಬರಹಗಳನ್ನು ಓದಲು ಕೂರುತ್ತಾರೆ. ಉಲ್ಲೇಖಗಳ ಎಣಿಕೆಯಿಂದಲೇ ತೀರ್ಮಾನಿಸಿಬಿಡೋಣ, ಖರ್ಚು ಉಳಿಯುತ್ತದೆ ಎಂಬ ಸಲಹೆ 2006ರಲ್ಲಿ ಸರಕಾರದಿಂದಲೇ ಬಂದಿತ್ತು. ವಿದ್ವತ್ ಸಮುದಾಯ ಒಪ್ಪಲಿಲ್ಲ. 2015ರಲ್ಲಿ ಜೇಮ್ಸ್ ವಿಲ್ಸ್‌ಡನ್ ನೇತೃತ್ವದ ಸಮಿತಿಯೂ ಎಣಿಕೆ ಓದಿನ ಜಾಗ ತುಂಬಲಾರದು ಎಂದೇ ಹೇಳಿತು.

ನಮ್ಮಲ್ಲಿ? ಬೆಂಗಳೂರಿನಲ್ಲೇ ಕೇಂದ್ರ ಕಚೇರಿಯಿರುವ ನ್ಯಾಕ್ 1994ರಲ್ಲಿ ಸ್ಥಾಪನೆಯಾಯಿತು. ಅದು ಇಡೀ ಸಂಸ್ಥೆಯನ್ನು ನೋಡುತ್ತದೆ. ಏಳು ಮಾನದಂಡಗಳಲ್ಲಿ ಸಂಶೋಧನೆ ಒಂದು. ನ್ಯಾಕ್ ತಂಡ ಬರುವ ಮುನ್ನ ಗೋಡೆಗೆ ಸುಣ್ಣ, ಅಂಗಳಕ್ಕೆ ಹೂಕುಂಡ, ಕಡತಗಳಿಗೆ ಹೊಸ ರಟ್ಟು ಬರುವುದನ್ನು ಕಾಲೇಜಿನ ಜವಾನನೂ ಬಲ್ಲ. ತಾಲೂಕು ಕಚೇರಿಯ ಜಮಾಬಂದಿಯನ್ನು ಕಂಡವರಿಗೆ ಈ ಸಡಗರ ಹೊಸದಲ್ಲ. 2025ರ ಫೆಬ್ರವರಿಯಲ್ಲಿ ತಪಾಸಣಾ ತಂಡವೊಂದರ ಸದಸ್ಯರನ್ನೇ ಲಂಚದ ಆರೋಪದ ಮೇಲೆ ಸಿಬಿಐ ಬಂಧಿಸಿತು.

ಅಧ್ಯಾಪಕರ ಮಟ್ಟದಲ್ಲಿ ನಾವು ಹಿಡಿದದ್ದು ಎಣಿಕೆಯ ದಾರಿಯನ್ನು. 2010ರ ಯುಜಿಸಿ ನಿಯಮಗಳು ಲೇಖನಕ್ಕಿಷ್ಟು, ಪುಸ್ತಕಕ್ಕಿಷ್ಟು, ವಿಚಾರ ಸಂಕಿರಣಕ್ಕಿಷ್ಟು ಎಂದು ಅಂಕ ಗೊತ್ತುಮಾಡಿದವು. ಅಂಕ ಬೇಕಾದವರಿಗೆಂದು ದುಡ್ಡು ಪಡೆದು ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಂಡವು. ಕಳೆ ಕೀಳಲು ಯುಜಿಸಿ 2018ರ ಮೇ ತಿಂಗಳಲ್ಲಿ ತನ್ನ ಮಾನ್ಯತೆಯ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಒಮ್ಮೆಲೇ ತೆಗೆದುಹಾಕಿತು. ಅದರ ಜಾಗಕ್ಕೆ 'ಕೇರ್' ಎಂಬ ಹೊಸ ಪಟ್ಟಿ ಬಂತು. 2025ರಲ್ಲಿ ಅದನ್ನೂ ಕೈಬಿಡಲಾಯಿತು. ಈ ಪಟ್ಟಿಗಳ ಓಡಾಟದಲ್ಲಿ ಹೆಚ್ಚು ಏಟು ತಿಂದವರು ಕನ್ನಡ, ಉರ್ದು ಮುಂತಾದ ದೇಶಭಾಷೆಗಳಲ್ಲಿ ಬರೆಯುವವರು. ಓದುಗರು ಕಾದು ಕೊಂಡು ಓದುವ ಮಾಸಿಕದಲ್ಲಿ ಬಂದ ಒಳ್ಳೆಯ ಲೇಖನಕ್ಕೆ ಅಂಕವಿಲ್ಲ. ಯಾರೂ ತೆರೆದು ನೋಡದ ಪತ್ರಿಕೆಯ ಲೇಖನಕ್ಕೆ ಅಂಕವಿದೆ. ಬಡ್ತಿಯ ವಯಸ್ಸಿನಲ್ಲಿರುವ ತರುಣ ಅಧ್ಯಾಪಕ, ಅಧ್ಯಾಪಕಿ ಯಾವುದಕ್ಕೆ ಬರೆಯಬೇಕು?

ಅಳತೆಯೇ ಗುರಿಯಾದಾಗ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂದು ಮಾನವಶಾಸ್ತ್ರಜ್ಞೆ ಮರಿಲಿನ್ ಸ್ಟ್ರಾಥರ್ನ್ 1997ರಲ್ಲೇ ಬ್ರಿಟನ್ನಿನ ವಿಶ್ವವಿದ್ಯಾಲಯಗಳನ್ನು ಕುರಿತು ಬರೆಯುತ್ತ ಎಚ್ಚರಿಸಿದ್ದರು. ಬ್ರಿಟನ್ ಈಗ 2029ರ ರೆಫ್‌ಗೆ ಸಿದ್ಧವಾಗುತ್ತಿದೆ, ಮತ್ತೆ ಹೊಸ ನಿಯಮಗಳ ಚರ್ಚೆ ನಡೆದಿದೆ. ಅಲ್ಲಿಂದ ನಾವು ಸಮಿತಿಗಳ ಹೆಸರನ್ನು, ನಮೂನೆಗಳನ್ನು ತರುವುದು ಸುಲಭ. ಅದನ್ನು ತಂದದ್ದೂ ಆಗಿದೆ. ಒಬ್ಬರ ಬರಹವನ್ನು ಆ ವಿಷಯ ಬಲ್ಲ ಇಬ್ಬರು ಕೂತು ಮೊದಲಿನಿಂದ ಕೊನೆಯವರೆಗೆ ಓದಿ, ಯಾಕೆ ಒಳ್ಳೆಯದು, ಎಲ್ಲಿ ಸಡಿಲ ಎಂದು ಕಾರಣ ಸಮೇತ ಬರೆದುಕೊಡುವ ಪದ್ಧತಿಯನ್ನು ನಾವಿನ್ನೂ ತಂದಿಲ್ಲ. ಅದಕ್ಕೆ ಸಮಯ ಬೇಕು, ಭಾಷೆ ಬಲ್ಲ ಓದುಗರು ಬೇಕು, ಪ್ರಾಮಾಣಿಕತೆ ಬೇಕು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮುಂದಿನ ಸಲ ಸುಣ್ಣ ಬಳಿಯುವ ದಿನ ಬಂದಾಗ ಅಧ್ಯಾಪಕರು, ವಿದ್ಯಾರ್ಥಿಗಳು ಕೇಳಬೇಕಾದದ್ದು ಒಂದೇ: ಈ ಪಟ್ಟಿಯಲ್ಲಿರುವ ಬರಹಗಳನ್ನು ಓದಿದವರು ಯಾರು?